ಬೋರ್ಡು ಕೊಟ್ಟು ಕೈ ತೊಳ್ಕೋಬೇಡಿ

ಗುರುಗುಂಟಾದಂಥ ಊರಿನ ಶಾಲೆಗೆ ರಾಸ್ಪ್‌ಬೆರಿ ಪೈ ದಾನ ಕೊಟ್ಟು ಫೋಟೋ ಹಾಕೋ ಬೆಂಗಳೂರಿನ ಗೆಳೆಯರೇ, ಆ ಡಬ್ಬಿಯೊಳಗೆ ಏನಿದೆ ನೋಡಿದ್ದೀರಾ? ಬರೀ ಬೋರ್ಡು. 2012ರಲ್ಲಿ 35 ಡಾಲರಿನ ಕಂಪ್ಯೂಟರ್ ಅಂತ ಬಂದಾಗಲೂ ಅಷ್ಟೇ. ಅಡಾಪ್ಟರ್, ಮೆಮೊರಿ ಕಾರ್ಡ್, ಕೀಬೋರ್ಡ್, ಮಾನಿಟರ್ ಎಲ್ಲಾ ಬೇರೆ. ಪೈ 4 ಆದರೆ ಮೈಕ್ರೋ ಎಚ್‌ಡಿಎಂಐ ಕೇಬಲ್ಲೇ ಆಗಬೇಕು. ಅದನ್ನು ಮೇಷ್ಟ್ರು ಎಲ್ಲಿ ಹುಡುಕಬೇಕು? ಕಾರ್ಡಿಗೆ ಓಎಸ್ ಹಾಕೋಕೆ ಸಾಮಾನ್ಯವಾಗಿ ಇನ್ನೊಂದು ಕಂಪ್ಯೂಟರ್ ಬೇಕು. ಕಂಪ್ಯೂಟರ್ ಇಲ್ಲ ಅಂತ ತಾನೇ ನೀವು ಕೊಟ್ಟಿದ್ದು! ಮೇಲಾಗಿ, ಕಾರ್ಡಿಗೆ ಏನಾದರೂ ಬರೆಯುತ್ತಿರುವಾಗ ಕರೆಂಟ್ ಹೋದರೆ ಅದರಲ್ಲಿರೋದೆಲ್ಲ ಕೆಡಬಹುದು. ಕೊಡೋದಾದರೆ ಓಎಸ್ ಹಾಕಿದ ಎರಡು ಕಾರ್ಡು, ಸರಿಯಾದ ಅಡಾಪ್ಟರ್, ಕೇಬಲ್, ನಿಮ್ಮನೇಲಿ ಧೂಳು ತಿನ್ನೋ ಮಾನಿಟರ್ ಸೇರಿಸಿ ಕೊಡಿ. ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶನಿವಾರ ಮಕ್ಕಳ ಕೈಲೇ ಜೋಡಿಸಿ. ಎರಡನೇ ಕಾರ್ಡು ಮೇಷ್ಟ್ರ ಬೀರುವಿನಲ್ಲಿರಲಿ.