ಗರಸು ನೆಲಕ್ಕೆ ಮೊದಲು ಪೊದೆ, ಆಮೇಲೆ ಮರ

ಮತ್ತೆ ವನಮಹೋತ್ಸವದ ಹಂಗಾಮು. ನಮ್ಮ ಚಿತ್ರದುರ್ಗ, ಪಾವಗಡ ಕಡೆಯ ಗೋಮಾಳಗಳಿಗೆ ಜೆಸಿಬಿ ಬರುತ್ತೆ. ಇದ್ದ ಪೊದೆ ಕಿತ್ತು 'ಸ್ವಚ್ಛ' ಮಾಡ್ತಾರೆ, ಗುಂಡಿ ತೋಡಿ ಒಂದೇ ಜಾತಿ ಸಸಿ ಸಾಲಾಗಿ ನೆಡ್ತಾರೆ, ಫೋಟೋ ಆಗುತ್ತೆ. ಏಪ್ರಿಲ್‌ಗೆ ನೋಡಿದ್ರೆ ಒಣಕಡ್ಡಿ. ಆಮೇಲೆ "ಗರಸಲ್ಲಿ ಏನೂ ಬರಲ್ಲ ಬಿಡಿ" ಅಂತಾರೆ. ಈ ಮಾತು ನಾನು ಒಪ್ಪಲ್ಲ.

ಗರಸಿನಲ್ಲಿ ನೀರು ನಿಲ್ಲಲ್ಲ. ಮೇಲ್ಮಣ್ಣು ಕೊಚ್ಚಿಹೋಗಿರುತ್ತೆ. ಬೇಸಿಗೆಯಲ್ಲಿ ಕಲ್ಲು ಕಾದು ಎಳೆ ಸಸಿ ಬಾಡುತ್ತೆ. ಪ್ಯಾಕೆಟ್‌ನಲ್ಲಿ ಬೇರು ಸುತ್ತಿಕೊಂಡ ಸಸಿಗಂತೂ ಕಲ್ಲಿನ ಸಂದಿಗೆ ಇಳಿಯೋದು ಕಷ್ಟ.

ಅದೇ ನೆಲದಲ್ಲಿ ಯಾರೂ ನೆಡದ ತಂಗಡಿ, ಬಂದರಿಕೆ, ಕಾರೆ, ಹಂಚಿಕಡ್ಡಿ ಹುಲ್ಲು ನಿಂತಿರುತ್ತವೆ. ತಂಗಡಿ, ಬಂದರಿಕೆಗೆ ಮೇಕೆ ಅಷ್ಟಾಗಿ ಬಾಯಿ ಹಾಕಲ್ಲ, ಕಾರೆಗೆ ಮುಳ್ಳಿದೆ. ಇವುಗಳ ಬುಡದಲ್ಲಿ ತರಗೆಲೆ ಸೇರಿ, ಮಣ್ಣು ನಿಂತು, ನೆರಳಾದ ಜಾಗದಲ್ಲಿ ಹಕ್ಕಿ ಹಾಕಿದ ಬೇವಿನ ಬೀಜ ತಾನಾಗಿ ಏಳುತ್ತೆ. ಇಷ್ಟು ದಿನ ಕಾವಲು ಕಾದ ಪೊದೆಯನ್ನೇ ನಾವು ಮೊದಲು ಕೀಳೋದು!

ಹಾಗಾಗಿ ನನ್ನ ಮಾತು ಇಷ್ಟು: ಇರೋ ಪೊದೆ ಮುಟ್ಟಬೇಡಿ. ಮಳೆಗೆ ಮುಂಚೆ ಇಳಿಜಾರಿಗೆ ಅಡ್ಡಲಾಗಿ ಸಣ್ಣ ಕಂದಕ ತೆಗೆದು, ಬದುವಿನ ಮೇಲೆ ಹುಲ್ಲು, ತಂಗಡಿ, ಸೀತಾಫಲ, ಹೊಂಗೆ, ಬೇವು, ಕಮರದ ಬೀಜ ಬೆರೆಸಿ ಹಾಕಿ. ಹುಲ್ಲು ಮೇಲಿನ ಮಣ್ಣು ಹಿಡಿಯುತ್ತೆ, ಹೊಂಗೆ ಬೇರಿನ ಗಂಟು ಸಾರಜನಕ ಕೂಡಿಸುತ್ತೆ, ಕಮರದ ಬೇರು ಬಂಡೆ ಸಂದಿಗೂ ಇಳಿಯುತ್ತೆ. ಮಳೆ ಕೈಕೊಟ್ಟ ವರ್ಷ ಒಂದು ಹೋದ್ರೂ ಇನ್ನೊಂದು ಉಳಿಯುತ್ತೆ.

ಗಮನಿಸಬೇಕಾದ್ದು ಮೂರು. ತಂಗಡಿ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಿಗೆ ಹಾಕಿ ರಾತ್ರಿ ನೆನೆಯೋಕೆ ಬಿಡಿ. ಬೇವಿನ ಬೀಜ ಕೂಡಿಡೋ ಹಾಗಿಲ್ಲ, ಹಣ್ಣುದುರಿದ ಎರಡು-ಮೂರು ವಾರದೊಳಗೆ ಬಿತ್ತಬೇಕು. ಕಮರ ಮೊದಲ ವರ್ಷಗಳಲ್ಲಿ ಬೇರನ್ನೇ ಇಳಿಸುತ್ತೆ. ಮೇಲೆ ಒಣಗಿತು ಅಂತ ಕಿತ್ತು ಬಿಸಾಡಬೇಡಿ, ಮಳೆಗೆ ಮತ್ತೆ ಚಿಗುರಬಹುದು.

"ಗೋಮಾಳ ಮುಚ್ಚಿದ್ರೆ ಕುರಿ ಎಲ್ಲಿ ಮೇಯಿಸೋದು?" ಅಂತ ಕುರಿಯವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಅವರನ್ನ ಕೂರಿಸಿಕೊಂಡೇ ತೀರ್ಮಾನ ಆಗಬೇಕು. ಪೂರ್ತಿ ಮುಚ್ಚೋದು ಬೇಡ, ನಾಲ್ಕರಲ್ಲಿ ಒಂದು ಭಾಗಕ್ಕೆ ಮೂರು ವರ್ಷ ಮೇವು ಬಿಡಬೇಡಿ. ಅಲ್ಲಿನ ಹುಲ್ಲು ಕೊಯ್ದು ಒಯ್ಯೋ ಹಕ್ಕು ಅವರಿಗೇ ಇರಲಿ. ಆಮೇಲೆ ಇನ್ನೊಂದು ಭಾಗ.

ಈ ಸಲ ಗ್ರಾಮಸಭೆಯಲ್ಲಿ ಎಷ್ಟು ಸಸಿ ನೆಟ್ರಿ ಅಂತ ಕೇಳಬೇಡಿ. ಮೂರು ವರ್ಷದ ಹಿಂದೆ ನೆಟ್ಟಿದ್ರಲ್ಲಿ ಎಷ್ಟು ಉಳಿದಿವೆ, ಎಷ್ಟು ಜಾತಿ ಇವೆ, ಜಾಗಕ್ಕೇ ಹೋಗಿ ಎಣಿಸೋಣ ಬನ್ನಿ ಅನ್ನಿ. ನಿಮ್ಮೂರಿನ ಗರಸಲ್ಲಿ ತಾನಾಗಿ ಬಂದಿರೋ ಗಿಡ ಯಾವುದು? ನೀವು ಕರೆಯೋ ಹೆಸರಲ್ಲೇ ಕೆಳಗೆ ಬರೀರಿ.