ರಜೆ ಕೇಳಿದ್ದು, ರಾಜೀನಾಮೆ ಎಂದು ಓದಿದ್ದು

ಜುಬೈಲಿನ ಒಂದು ಕಂಪೆನಿಯಲ್ಲಿ ಹೆಲ್ಪರ್ ಆಗಿರುವ ನಮ್ಮೂರ ಸಹೋದರರೊಬ್ಬರು ರಜೆ ಬೇಕೆಂದು ಆಫೀಸಿಗೆ ಇಮೇಲ್ ಹಾಕಿದರು. ಬರೆದದ್ದು ಒಂದೇ ಸಾಲು: ‘ಐ ವಾಂಟ್ ಟು ಲೀವ್ ಫ್ರಮ್ ಟೆಂತ್ ಮಾರ್ಚ್.’ ಅವರ ಮನಸ್ಸಿನಲ್ಲಿದ್ದದ್ದು ಹತ್ತನೇ ತಾರೀಖಿನಿಂದ ರಜೆ. ಆಫೀಸಿನವರು ಓದಿದ್ದು, ಈ ಮನುಷ್ಯ ಹತ್ತನೇ ತಾರೀಖಿಗೆ ಕೆಲಸ ಬಿಡುತ್ತಾನೆ ಎಂದು. ಎಕ್ಸಿಟ್ ರೀ-ಎಂಟ್ರಿ ಕೇಳಿದವರಿಗೆ ಫೈನಲ್ ಎಕ್ಸಿಟ್‌ನ ಮಾತು ಬಂತು. ‘ಐ ವಾಂಟ್ ಟು ಗೋ ಆನ್ ಲೀವ್’ ಎಂದಿದ್ದರೆ ಇಷ್ಟೆಲ್ಲ ಇರಲಿಲ್ಲ. ಸೂಪರ್‌ವೈಸರ್ ಮಧ್ಯೆ ಬಂದು ಹೇಳಿದ್ದರಿಂದ ಸರಿಹೋಯಿತು.

ಒಳ್ಳೆಯ ಇಂಗ್ಲಿಷ್ ಇಲ್ಲದೆ ಗಲ್ಫಿನಲ್ಲಿ ಬದುಕಲಿಕ್ಕೆ ಆಗುವುದಿಲ್ಲ ಎಂದು ನಾವು ಹೇಳುವುದಿಲ್ಲ. ಸೈಟಿನಲ್ಲಿ ಹಿಂದಿ, ಮಲಯಾಳಂ, ಹರಕುಮುರುಕು ಅರಬಿ, ಎಲ್ಲ ಕೂಡಿ ದಿನ ಕಳೆಯುತ್ತದೆ. ಬಾಯಲ್ಲಿ ಹೇಳಿದ್ದು ತಪ್ಪಿದರೆ ಕೈಸನ್ನೆ ಉಂಟು. ಬರೆದು ಕಳಿಸಿದ್ದಕ್ಕೆ ಅದಿಲ್ಲ.

ನಮ್ಮ ತಕರಾರು ಇಂಗ್ಲಿಷ್ ಕಲಿಸುವ ಕ್ರಮದ ಮೇಲೆ. ದಿನಕ್ಕೆ ಹತ್ತು ಶಬ್ದ, ಎದುರಿಗೆ ಕನ್ನಡ ಅರ್ಥ. ಆದರೆ ಶಬ್ದಕ್ಕೆ ಅದರದ್ದೇ ಜೊತೆಗಾರ ಇರುತ್ತಾನಲ್ಲ, ಅವನನ್ನು ಯಾರೂ ತೋರಿಸುವುದಿಲ್ಲ. ನಾವು ಉಪವಾಸ ‘ಹಿಡಿಯುತ್ತೇವೆ’. ಇಂಗ್ಲಿಷಿನಲ್ಲಿ ಅದು ‘ಕೀಪ್’, ಹಿಡಿಯುವುದು ಎಂದು ‘ಕ್ಯಾಚ್’ ಹಾಕಿದರೆ ಕೇಳಿದವರು ನಗುತ್ತಾರೆ. ಉತ್ತರ ಭಾರತದ ರೂಮ್‌ಮೇಟ್ ತನ್ನ ಹಿಂದಿಯಂತೆ ‘ಉಪವಾಸ ಇಡುತ್ತೇನೆ’ ಅಂದರೆ ನಾವು ನಗುವುದಿಲ್ಲವೇ, ಹಾಗೆಯೇ. ನಾವು ಸಾಲ ‘ಮಾಡುತ್ತೇವೆ’, ಅವರು ‘ಟೇಕ್’ ಮಾಡುತ್ತಾರೆ. ಓವರ್‌ಟೈಮಿಗೆ ‘ಡು’, ಮಿಸ್ಟೇಕಿಗೆ ‘ಮೇಕ್’. ಯಾಕೆ ಎಂದು ಕೇಳಿ ಪ್ರಯೋಜನವಿಲ್ಲ ಮಾರಾಯ್ರೆ, ಬಳಕೆ ಹಾಗಿದೆ.

ಅದಕ್ಕಿಂತಲೂ ಹೆಚ್ಚು ಕಾಡುವುದು ಆ ಪುಟ್ಟ ಪದಗಳು. ಕನ್ನಡ, ತುಳು, ಬ್ಯಾರಿ ಮೂರರಲ್ಲೂ ಅವು ಶಬ್ದದ ಹಿಂದೆ ಅಂಟಿಕೊಂಡು ಬರುತ್ತವೆ. ಇಂಗ್ಲಿಷಿನಲ್ಲಿ ಮುಂದೆ, ಬೇರೆಯಾಗಿ ನಿಲ್ಲುತ್ತವೆ. ಕನ್ನಡದಲ್ಲಿ ರೂಮಿನಲ್ಲಿ, ಬಸ್ಸಿನಲ್ಲಿ, ಗೇಟಿನಲ್ಲಿ, ಡ್ಯೂಟಿಯಲ್ಲಿ, ಎಲ್ಲದಕ್ಕೂ ಒಂದೇ ‘ಅಲ್ಲಿ’. ಅವರಿಗೆ ‘ಇನ್ ದ ರೂಮ್’, ‘ಆನ್ ದ ಬಸ್’, ‘ಅಟ್ ದ ಗೇಟ್’, ‘ಆನ್ ಡ್ಯೂಟಿ’. ಬಸ್ಸಿಗೆ ‘ಆನ್’ ಆದರೂ ಟ್ಯಾಕ್ಸಿಗೆ ಮಾತ್ರ ‘ಇನ್’!

ಇವುಗಳಲ್ಲಿ ‘ಬೈ’ ಬಗ್ಗೆ ಜಾಗ್ರತೆ ಬೇಕು. ಶಾಲೆಯಲ್ಲಿ ‘ಬೈ’ ಎಂದರೆ ‘ಇಂದ’ ಎಂದು ಕಲಿಸಿದ್ದಾರೆ. ಆಫೀಸಿನಿಂದ ‘ಸಬ್ಮಿಟ್ ಬೈ ಥರ್ಸ್‌ಡೇ’ ಎಂದು ಬಂದರೆ ಅದು ಗುರುವಾರದಿಂದ ಅಲ್ಲ, ಗುರುವಾರದೊಳಗೆ. ಗುರುವಾರದಿಂದ ಕೊಟ್ಟರಾಯಿತು ಎಂದುಕೊಂಡವನು ಶುಕ್ರ-ಶನಿ ರಜೆ ಕಳೆದು ಭಾನುವಾರ ಕಾಗದ ಹಿಡಿದು ಹೋದರೆ ಗಡುವು ಮುಗಿದಿರುತ್ತದೆ. ಗುರುವಾರದ ತನಕ ಇರುತ್ತೇನೆ ಎನ್ನಲು ‘ಟಿಲ್’. ‘ಒಳಗೆ’, ‘ತನಕ’ ಎಂಬ ವ್ಯತ್ಯಾಸ ನಮ್ಮ ಭಾಷೆಯಲ್ಲೇ ಚೆನ್ನಾಗಿ ಉಂಟು. ಅದನ್ನು ಹಿಡಿದೇ ಇವೆರಡನ್ನು ಕಲಿಸಬಹುದಿತ್ತು.

ಎಲ್ಲ ತಪ್ಪಿಗೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ‘ಡಿಸ್ಕಸ್ ಅಬೌಟ್’ ಎಂದರೆ ‘ಅಬೌಟ್’ ಹೆಚ್ಚಾಯಿತು, ಯಾರ ಕೆಲಸವೂ ಹೋಗುವುದಿಲ್ಲ. ಕ್ಲಿನಿಕ್ಕಿನಲ್ಲಿ ‘ಫೀವರ್ ಫ್ರಮ್ ತ್ರೀ ಡೇಸ್’ ಅಂದರೂ ಡಾಕ್ಟರಿಗೆ ಗೊತ್ತಾಗುತ್ತದೆ, ಸರಿಯಾದದ್ದು ‘ಫಾರ್’ ಆದರೂ. ಬ್ರಿಟಿಷ್ ಮ್ಯಾನೇಜರ್ ಎದುರು ಇಂಟರ್‌ವ್ಯೂನಲ್ಲಿ ‘ಐ ಪಾಸ್ಡ್ ಔಟ್ ಇನ್ 2015’ ಅಂದರೆ ಮಾತ್ರ ಸ್ವಲ್ಪ ಕಷ್ಟ. ಅವರಿಗೆ ಅದು ಮೂರ್ಛೆ ಹೋದ ಸುದ್ದಿ. ‘ಗ್ರಾಜುಯೇಟೆಡ್’ ಎನ್ನಿ.

ಯಾವ ಶಬ್ದಕ್ಕೆ ಯಾವ ಜೊತೆ ಎಂದು ತೋರಿಸುವುದಕ್ಕೇ ಆಕ್ಸ್‌ಫರ್ಡ್‌ನವರು 2002ರಲ್ಲಿ ಒಂದು ನಿಘಂಟು ತಂದಿದ್ದಾರೆ. ಅಷ್ಟು ದಪ್ಪದ ಪುಸ್ತಕ ಕ್ಯಾಂಪಿನ ರೂಮಿನಲ್ಲಿ ಇಡಲು ಜಾಗವೆಲ್ಲಿ? ಆಫೀಸಿನಿಂದ ಬರುವ ಇಮೇಲುಗಳೇ ಸಾಕು. ಅದರಲ್ಲಿನ ಸಾಲನ್ನು ಇಡಿಯಾಗಿ ಎತ್ತಿ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ರಜೆಗೆ ಒಂದು ಸಾಲು, ಮಾರ್ಚ್ ಸಂಬಳ ಬಂದಿಲ್ಲ ಎನ್ನಲು ಒಂದು, ಇಕಾಮ ನವೀಕರಣಕ್ಕೆ ಒಂದು. ಅನುವಾದದ ಆ್ಯಪಿಗೂ ಬಿಡಿ ಶಬ್ದ ಕೊಡಬೇಡಿ, ಪೂರ್ತಿ ವಾಕ್ಯ ಕೊಡಿ. ಶುಕ್ರವಾರದ ಕ್ಲಾಸು ನಡೆಸುವ ಸ್ನೇಹಿತರು ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು ಮೊದಲ ದಿನವೇ ರಜೆಯ ಪತ್ರ ಬರೆಸಲಿ ಎಂಬುದು ನಮ್ಮ ಒತ್ತಾಯ.

ಊರಿನಲ್ಲಿ ಇಂಗ್ಲಿಷ್ ಮೀಡಿಯಂ ಓದುವ ಮಕ್ಕಳು ಅಪ್ಪನ ಮೆಸೇಜ್ ನೋಡಿ ನಗುವುದುಂಟು. ನಗಲಿ. ಆದರೆ ಇನ್ನು ಮುಂದೆ ಅಪ್ಪ ಆಫೀಸಿಗೆ ಬರೆದದ್ದನ್ನು ಕಳಿಸುವ ಮೊದಲು ಅವರಿಗೇ ವಾಟ್ಸ್ಆ್ಯಪ್ ಮಾಡಲಿ, ಅವರು ಒಮ್ಮೆ ಓದಿ ತಿದ್ದಿ ಕೊಡಲಿ.