ಸೂಜಿ ಇಲ್ಲದ ಕರೆಂಟು ಬೇರಿಗೆ ಮುಟ್ಟೂದಿಲ್ಲ

ನಮ್ಮ ಮಾರಿ, ನಮ್ಮ ರೊಕ್ಕ | ಭಾಗ 5

"ಸೂಜಿ ಇಲ್ಲ, ನೋವಿಲ್ಲ, ಕೂದಲು ಕಾಯಂ ಹೋಗತಾವ." ಈ ರೀಲ್ ನಿಮಗೂ ಬಂದಿರತೈತಿ. ಚಿಮಟಾದಂಥ ಮಷೀನು, ತುದಿಯಾಗ ಕರೆಂಟು. ಮೇಲ್ದುಟಿಯ ಕೂದಲು ಹಿಡಿದು ಸ್ವಲ್ಪ ಹೊತ್ತು ಕಾಯ್ದು ಜಗ್ಗಬೇಕಂತ. ಇನ್ನೊಂದು ನಮೂನಿ, ಜೆಲ್ ಹಚ್ಚಿ ಪಟ್ಟಿ ಅಂಟಿಸೋದು. ಕೆಲವು ಪಾರ್ಲರ್‌ನ್ಯಾಗ ಇದಕ್ಕ "ಎಲೆಕ್ಟ್ರಾಲಿಸಿಸ್" ಅಂತ ದೊಡ್ಡ ಹೆಸರಿಟ್ಟು ರೊಕ್ಕ ತಗೋತಾರ. ತಗೋಬ್ಯಾಡ್ರಿ, ಮಾಡಿಸಬ್ಯಾಡ್ರಿ ಅಂತ ನಾ ಹೇಳತೀನಿ. ಯಾಕ ಅಂತ ಕೇಳ್ರಿ.

ಖರೇ ಎಲೆಕ್ಟ್ರಾಲಿಸಿಸ್ ಸುಳ್ಳಲ್ಲ. 1875ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಮಿಷೆಲ್, ಒಳಗ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಗೂದಲನ್ನು ಈ ವಿಧಾನದಿಂದ ತೆಗೆದದ್ದನ್ನು ಬರೆದಿಟ್ಟರು. ಕೂದಲು ಹುಟ್ಟುವ ರಂಧ್ರದೊಳಗ ಎಳೆಯಂಥ ಸೂಜಿ ಇಳಿಸಿ ಕರೆಂಟು ಬಿಡೋದು. ಎಸ್ಸೆಸ್ಸೆಲ್ಸಿಯಾಗ ಓದೀವಲ್ಲ, ಉಪ್ಪುನೀರಿಗೆ ಕರೆಂಟು ಹಾಯಿಸಿದ್ರ ಸೋಡಿಯಂ ಹೈಡ್ರಾಕ್ಸೈಡ್ ಬರತೈತಿ ಅಂತ? ಅದ ಇಲ್ಲೂ ಆಗೋದು. ಚರ್ಮದೊಳಗಿನ ಉಪ್ಪು, ನೀರಿನಿಂದ ಸೂಜಿ ಸುತ್ತ ಕಾಸ್ಟಿಕ್ ಸೋಡಾ ಹುಟ್ಟಿ ಬೇರನ್ನ ಸುಡತೈತಿ. ಒಂದೊಂದ ಕೂದಲು, ತಿಂಗಳುಗಟ್ಟಲೆ ಕೆಲಸ. ನೋವೂ ಐತಿ.

ಈಗ ಸೂಜಿ ತೆಗೀರಿ. ಕರೆಂಟು ಬೇರಿಗೆ ಹೋಗಬೇಕಂದ್ರ ಕೂದಲಿನಗುಂಟ ಇಳೀಬೇಕು. ಕೂದಲು ಅಂದ್ರ ಕೆರಟಿನ್. ಅದರಾಗ ಕರೆಂಟು ಸರಿಯಾಗಿ ಹರಿಯೂದಿಲ್ಲ. ಚಳಿಗಾಲದಾಗ ಪ್ಲಾಸ್ಟಿಕ್ ಹಣಿಗಿಯಿಂದ ಬಾಚಿದಾಗ ಕೂದಲು ನೆಟ್ಟಗ ನಿಲ್ಲತಾವಲ್ಲ, ಚಾರ್ಜು ಹರಿದು ಹೋಗದ ಅಲ್ಲೇ ಕುಂತದ್ದಕ್ಕ. ಜೆಲ್ ಹಚ್ಚಿದ್ರ ಹರೀತೈತಿ, ಹೌದು. ಆದ್ರ ಒದ್ದೆ ಜಾಗ ಹಿಡಿದು ಚರ್ಮದಾಗ ಅಗಲಕ್ಕ ಹರಡತೈತಿ, ಬೇರಿಗೆ ಗುರಿ ಇಟ್ಟು ಹೋಗೂದಿಲ್ಲ. ಚಿಮಟಾ ಮಷೀನು ಕೂದಲನ್ನ ಕಾಯಂ ತೆಗೀತೈತಿ ಅನ್ನೋದಕ್ಕ ಸಾಕಷ್ಟು ಆಧಾರ ಇಲ್ಲ ಅಂತ ಅಮೆರಿಕದ ಎಫ್‌ಡಿಎ ಸುದ್ದಾ ಹೇಳೇತಿ.

"ನಮ್ಮ ಅಕ್ಕಗ ಹೋದುವಲ್ಲ" ಅಂತೀರಿ. ಹೋಗತಾವ, ಕಿತ್ತರ ಹೋಗದ ಏನ್ಮಾಡ್ತಾವ? ಅದಕ್ಕ ಕರೆಂಟು ಯಾಕ ಬೇಕು? ಕಿತ್ತ ಕೂದಲು ತಿರುಗಿ ಕಾಣಾಕ ವಾರಗಟ್ಟಲೆ ಹಿಡೀತೈತಿ. ರೀಲ್ ಮಾಡೋರು ಆ ಖಾಲಿ ವಾರದಾಗ ಮಾಡಿರತಾರ.

ನನಗ ಸಿಟ್ಟು ಬರೋದು ಬರೇ ಮಷೀನಿನ ಮ್ಯಾಲಲ್ಲ. ನಮ್ಮ ಕುಬಿಹಾಳದಂಥ ಊರಾಗ ಹುಡುಗಿ ತುಟಿ ನೋಡಿ "ಮೀಸಿ ಬಂದಾವ" ಅನ್ನೋರಿಗೆ ಬರ ಇಲ್ಲ. ಊರ ಯಾಕ, 2024ರ ಏಪ್ರಿಲ್‌ನ್ಯಾಗ ಉತ್ತರ ಪ್ರದೇಶ ಬೋರ್ಡಿನ ಹತ್ತನೇ ತರಗತಿಗೆ ಮೊದಲು ಬಂದ ಹುಡುಗಿಯ ಅಂಕ ಬಿಟ್ಟು ಮಾರಿ ಮ್ಯಾಗಿನ ಕೂದಲ ಬಗ್ಗೆ ದೇಶವೆಲ್ಲ ಆಡಿಕೊಂಡಿತು. ಈ ನಾಚಿಕಿನ ಅವರ ಮಾರ್ಕೆಟ್ಟು. ಅವ್ವ ಮೆಣಸಿನಕಾಯಿ ಬಿಡಿಸಾಕ ಹೋಗಿ ತಂದ ಕೂಲಿ ಆ ಡಬ್ಬಿಗೆ ಹೋಗತೈತಿ.

ತುಟಿ ಮ್ಯಾಲೆ ನಾಕು ಕೂದಲು ಯಾರಿಗಿಲ್ಲ? ಬ್ಯಾಡ ಅನಿಸಿದ್ರ ಥ್ರೆಡಿಂಗ್ ಮಾಡಸ್ರಿ, ಬಿಟ್ಟರ ಇನ್ನೂ ಚಲೋ. ಆದ್ರ ಗದ್ದಕ್ಕ ದಪ್ಪ ಕರಿ ಕೂದಲು ಹೆಚ್ಚಾಗಿ, ಮುಟ್ಟೂ ತಿಂಗಳು ತಪ್ಪಿಸಿ ಬರ್ತಿದ್ರ ಅದು ಪಿಸಿಓಎಸ್ ಇರಬಹುದು. ಅದು ಹಾರ್ಮೋನಿನ ಮಾತು, ಚಿಮಟಾಕ್ಕ ತಿಳಿಯೂದಿಲ್ಲ. ಹುಬ್ಬಳ್ಳಿ ಕಿಮ್ಸ್‌ನ್ಯಾಗ ಚರ್ಮದ ವಿಭಾಗನೂ ಐತಿ, ಹೆಣ್ಮಕ್ಕಳ ವಿಭಾಗನೂ ಐತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮ್ಯಾಲೆ ಬಸ್ಸಿಗೂ ರೊಕ್ಕ ಬೇಕಿಲ್ಲ, ಆಧಾರ್ ಕಾರ್ಡ್ ಮರೀಬ್ಯಾಡ್ರಿ ಅಷ್ಟ. ಅವ್ವನ್ನೂ ಕರಕೊಂಡು ಹೋಗ್ರಿ.

ಪಾರ್ಲರ್‌ಗೆ ಹೋದ್ರೂ ಒಂದ ಮಾತು ಕೇಳ್ರಿ: "ಅಕ್ಕಾರ, ಸೂಜಿ ಬೇರಿನ ತನಕ ಇಳೀತೈತೇನ್ರಿ?" ಹೌದು ಅಂದ್ರ, ನಿಮ್ಮ ಮುಂದ ಹೊಸಾ ಪ್ಯಾಕೆಟ್ ಒಡೀತಾರೋ ಇಲ್ಲೋ ನೋಡ್ರಿ. ಇಲ್ಲ ಅಂದ್ರ ಥ್ರೆಡಿಂಗ್ ರೊಕ್ಕ ಅಷ್ಟ ಕೊಟ್ಟು ಬರ್ರಿ.

ಭಾಗ 6ರಾಗ ಮನ್ಯಾಗ ಲೈಟ್ ಹೊಡೆಯೋ ಐಪಿಎಲ್ ಮಷೀನು. (ಕ್ರಿಕೆಟ್ ಅಲ್ರಪಾ.)